ಸಂಕವ್ವನ ಹಸಿರು ಜಮಖಾನ

ಸಂಕವ್ವನ ಕೈಲಿ ಆಗುವುದಿಲ್ಲ ಎಂದು ಮೊದಲು ಹೇಳಿದವನು ಬೀಸುವ ಗಾಳಪ್ಪ. ಆಮೇಲೆ ಹೇಳಿದವಳು ಹೊಳೆಯಜ್ಜಿ. ಅವರಿಬ್ಬರೂ ಹೇಳಿದ ಮೇಲೆ ಕಪ್ಪೆಯೂ ಹೇಳಿತು. ಕಪ್ಪೆಗೆ ಸ್ವಂತ ಮಾತು ಯಾವತ್ತು ಇತ್ತು?

ಆಗ ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ. ಬೆಟ್ಟಗಳಿದ್ದವು, ಹೊಳೆಯಿತ್ತು. ಬಯಲು ಮಾತ್ರ ಬರೀ ಕಲ್ಲು. ಹಗಲಿನಲ್ಲಿ ಅದು ಒಲೆಯ ಮೇಲಿನ ಹಂಚು. ಮೊಲ ಒಂದು ಕಾಲು ಇಟ್ಟು ಇನ್ನೊಂದು ಕಾಲು ಎತ್ತುತ್ತಿತ್ತು. ಕೌಜುಗ ಮರಿಗಳನ್ನು ಕಟ್ಟಿಕೊಂಡು ಮೆತ್ತನೆಯ ಜಾಗಕ್ಕಾಗಿ ಅಲೆಯುತ್ತಿತ್ತು.

ಸಂಕವ್ವನಿಗೆ ತಾಯಿಯಿರಲಿಲ್ಲ, ಮಗ್ಗವಿರಲಿಲ್ಲ, ಕಲಿಸುವವರಿರಲಿಲ್ಲ. ಜೇಡ ನೂಲೆಳೆಯುವುದನ್ನು ನೋಡಿದಳು. ಗೀಜಗ ಗಂಟು ಹಾಕುವುದನ್ನು ನೋಡಿದಳು. ನೋಡಿ ನೋಡಿ ಹೆಣೆದಳು, ಸರಿಬಾರದಿದ್ದರೆ ಬಿಚ್ಚಿ ಮತ್ತೆ ಹೆಣೆದಳು. ಕೈ ಹದಕ್ಕೆ ಬಂದ ಮೇಲೆ, ಬಂಡೆಯ ಸಂದಿಯಲ್ಲಿ ಚಿಗುರಿದ್ದ ಹಸಿರು ಹುಲ್ಲೆಳೆಗಳನ್ನು ಬೇರುಸಹಿತ ಬಿಡಿಸಿ ತಂದು ಜಮಖಾನ ನೇಯಲು ಕೂತಳು.

"ಏನ ಬೇ ಸಂಕವ್ವ, ಬಯಲಿಗೆಲ್ಲಾ ಹಾಸಾಕಿ ಏನು?" ಎಂದು ಗಾಳಪ್ಪ ನಕ್ಕ. "ಮೊದಲ ನಿನ್ನ ಕುಪ್ಪಸದ ತೂತು ಮುಚ್ಚಿಕೋ."

"ತೂತು ನನ್ನ ಕುಪ್ಪಸದ್ದು. ನಿನಗ್ಯಾಕ ಚಳಿ?" ಎಂದಳು ಸಂಕವ್ವ. ತಲೆ ಮಾತ್ರ ಎತ್ತಲಿಲ್ಲ.

ನೇಯ್ದಳು. ಬೆಟ್ಟದ ಬುಡದಿಂದ ಹೊಳೆಯ ದಡದವರೆಗೆ ಹಾಸಿಯೂ ಬಿಟ್ಟಳು. ಮೊಲ ನಾಲ್ಕೂ ಕಾಲು ಚಾಚಿ ಮಲಗಿತು. ಕೌಜುಗದ ಮರಿಗಳು ಎಳೆಗಳ ನಡುವೆ ಅಡಗಿ ಕೂತವು.

ಆದರೆ ಹಾಸುವುದು ಒಂದು ದಿನದ ಕೆಲಸ, ಜೋಪಾನ ಮಾಡುವುದು ದಿನದಿನದ ಕೆಲಸ. ಅದು ಸಂಕವ್ವನಿಗೆ ಇನ್ನೂ ಗೊತ್ತಿರಲಿಲ್ಲ.

ದಿನಾ ಸಂಜೆ ಗಾಳಪ್ಪ ಊರೂರು ತಿರುಗಿ ಬರುತ್ತಿದ್ದ. ಬಂದವನು ಜಮಖಾನದ ಮೇಲೆ ಉರುಳುತ್ತಿದ್ದ, ಬೆಳಗಾದರೆ ಎದ್ದು ಹೋಗುತ್ತಿದ್ದ. ಅವನ ಮೈಯ ಧೂಳು ಅಲ್ಲೇ ಉಳಿಯುತ್ತಿತ್ತು. ಹಸಿರು ಬೂದಿಯಾಯಿತು. ಮರಳು ಎಳೆಗಳ ಬುಡಕ್ಕೆ ಇಳಿಯಿತು. ಮೇಲೆ ಯಾರಾದರೂ ಕಾಲಿಟ್ಟರೆ ಮರಳಿಗೆ ಹಲ್ಲು ಬಂದಂತಾಗಿ ಎಳೆಗಳು ಕಚಕ್ಕನೆ ತುಂಡಾದವು. ಅಲ್ಲೊಂದು ಬೋಳು, ಇಲ್ಲೊಂದು ಬೋಳು.

ಹೊಳೆಯಜ್ಜಿ ಮೂಗು ಮುಚ್ಚಿಕೊಂಡಳು. "ಇಟ್ಟುಕೊಳ್ಳಾಕ ಬಾರದವರು ನೇಯಬಾರದವ್ವಾ. ಮುಂದಿನ ಮಳೆಗಾಲಕ್ಕ ನಾ ತುಂಬಿ ಬರ್ತೀನಿ. ಆಗಲೂ ಇದು ಹಿಂಗ ಇತ್ತಂದ್ರ, ಸುರುಳಿ ಸುತ್ತಿ ಸಮುದ್ರಕ್ಕ ಒಗಿಯಾಕಿ."

"ಹಂಗಾದ್ರ ನಾವು ಎಲ್ಲಿಗೆ ಹೋಗೂಣು?" ಎಂದಿತು ಕೌಜುಗ.

ಸಂಕವ್ವ ಮಳೆಯನ್ನು ಕೂಗಿದಳು. "ತಂಗೀ, ಒಂದಿಷ್ಟು ತೊಳಿಬೇಕಾಗೇತಿ."

"ತೊಳಿಯೂದಂದ್ರ ನಾನ ಅಲ್ಲೇನಕ್ಕಾ!" ಎಂದು ಮಳೆ ಓಡಿ ಬಂದು ಕೊಡದ ಮೇಲೆ ಕೊಡ ಸುರಿದಳು. ಧೂಳು ಹೋಯಿತೇ? ಎಲ್ಲಿಯ ಮಾತು! ಧೂಳು ನೆನೆದು ಕೆಸರಾಯಿತು. ಕೆಸರು ಎಳೆಎಳೆಗೂ ಅಂಟಿಕೊಂಡಿತು. ಜಮಖಾನ ಭಾರವಾಗಿ ಕುಸಿಯಿತು, ನಾರತೊಡಗಿತು.

"ನಾ ಒಣಗಸ್ತೀನಿ ತಡಿ," ಎಂದ ಸೂರ್ಯಮಾವ. ಕಣ್ಣಗಲಿಸಿ ನೋಡಿದ. ಕೆಸರು ಹೆಂಟೆಗಟ್ಟಿತು, ಬಣ್ಣ ಬಿಳಿಚಿತು. ಪಾಪ, ಅವನೂ ಒಳ್ಳೆಯದನ್ನೇ ಮಾಡಹೋಗಿದ್ದ.

"ಆಗೂದಿಲ್ಲ, ಆಗೂದಿಲ್ಲ," ಎಂದಿತು ಕಪ್ಪೆ.

ಸಂಕವ್ವ ಅತ್ತಳು. ಅಳುತ್ತಲೇ ಕೆಲಸಕ್ಕೂ ಕೈ ಹಾಕಿದಳು. ಇಡೀ ಜಮಖಾನದ ಗೊಡವೆ ಬಿಟ್ಟು ಒಂದು ಮೂಲೆ ಹಿಡಿದಳು. ಕೆಟ್ಟರೆ ಮೂಲೆಯಷ್ಟೇ ಕೆಡಲಿ. ಆ ಮೂಲೆ ಬುಡದವರೆಗೆ ಒಣಗುವ ತನಕ ಕಾದಳು. ಎತ್ತಿ ಬಂಡೆಯ ಮೇಲೆ ಬೋರಲು ಹಾಕಿ, ಹುಣಸೆಯ ಬರಲಿನಿಂದ ಬೆನ್ನಿಗೆ ಬಾರಿಸಿದಳು. ಭಪ್ ಎಂದು ಧೂಳು ಹಾರಿತು. ಮತ್ತೆ ಬಾರಿಸಿದಳು, ಮತ್ತೆ ಹಾರಿತು. ಹಾರುವುದು ನಿಂತ ಮೇಲೆ ಮಳೆಯ ಹತ್ತಿರ ಒಂದು ಬೊಗಸೆ ನೀರು ಬೇಡಿ ಚಿಮುಕಿಸಿದಳು. ನೀರು ತಿಳಿಯಾಗಿ ಇಳಿದುಹೋಯಿತು. ಸೂರ್ಯಮಾವ ಇಣುಕದಂತೆ ಸೆರಗು ಮರೆ ಮಾಡಿ, ನೆರಳಲ್ಲೇ ಆರಗೊಟ್ಟಳು.

ಸೆರಗು ತೆಗೆದು ನೋಡಿದರೆ ಆ ಮೂಲೆ ಹಸಿರೋ ಹಸಿರು!

ಒಣಗಿದ ಧೂಳು ಒಣಗಿದ್ದಾಗಲೇ ಹೋಗಬೇಕು, ನೀರು ಆಮೇಲೆ. ಇಷ್ಟೇ ಗುಟ್ಟು. ಆದರೆ ಇಡೀ ಬಯಲನ್ನು ಎತ್ತಿ ಬಡಿಯುವ ತೋಳು ಯಾರಿಗಿತ್ತು? ಒಬ್ಬನಿಗೇ ಇತ್ತು. ನೆನೆದರೇ ಸಂಕವ್ವನ ಬಾಯಿ ಕಹಿಯಾಯಿತು. ಆದರೂ ಹೋದಳು.

"ಗಾಳಪ್ಪ, ನಿನ್ನಿಂದ ಒಂದು ಕೆಲಸ ಆಗಬೇಕಾಗೇತಿ."

"ಓಹೋ, ಬಂದ್ಯಾ? ನಿನ್ನ ಕೈಲಿ ಆಗೂದಿಲ್ಲ ಅಂತ ಒಪ್ಪಿಕೋ, ಮಾಡ್ತೀನಿ."

"ನನ್ನೊಬ್ಬಾಕಿ ಕೈಲಿ ಆಗೂದಿಲ್ಲ. ಒಪ್ಪಿದೆ. ಈಗ ನೀನೂ ಒಂದು ಹೇಳು. ಈ ಧೂಳು ಯಾರದು?"

ಗಾಳಪ್ಪ ತನ್ನ ಕಾಲು ನೋಡಿಕೊಂಡ. "ಮಲಗಾಕ ಮೆತ್ತಗಿತ್ತವ್ವಾ," ಎಂದ ಮೆಲ್ಲಗೆ.

"ಮಲಗು, ಬ್ಯಾಡ ಅಂದವರ್‍ಯಾರು? ಎದ್ದು ಹೋಗೂಮುಂದ ಕೊಡವಿ ಹೋಗು."

"ಹಸಿ ಇದ್ರ ಧೂಳು ನನಗ ಏಳೂದಿಲ್ಲ. ಬೇಸಿಗಿ ಪೂರ್ತಿ ನೀರು ತೋರಿಸಬ್ಯಾಡ."

"ಹಸಿರು ಹೋಗತೈತೋ!"

"ಹೋಗತೈತಿ. ಬೇರು ಇರತೈತಿ."

ತಾನೇ ನೇಯ್ದದ್ದನ್ನು ತಾನೇ ಒಣಗಲು ಬಿಡುವುದೆಂದರೆ ಸುಲಭವಲ್ಲ. ಹಸಿರು ಹಳದಿಯಾಯಿತು, ಹಳದಿ ಕಂದಾಯಿತು. "ಸಂಕವ್ವನ ಜಮಖಾನ ಮುಗೀತು," ಎಂದರು ಹೋಗುವವರು ಬರುವವರು. ಸಂಕವ್ವ ದಿನಾ ಬೆಳಿಗ್ಗೆ ಬೆರಳಿನಿಂದ ಬುಡ ಕೆದಕಿ ನೋಡುತ್ತಿದ್ದಳು. ಬೇರು ಗಟ್ಟಿಯಿತ್ತು. ಮುಚ್ಚಿ ಬರುತ್ತಿದ್ದಳು.

ಕೊನೆಗೆ ಬೆಟ್ಟದ ಹಿಂದೆ ಮೋಡ ಕಪ್ಪಾಯಿತು. ಮಳೆ ತುದಿಗಾಲಲ್ಲಿ ನಿಂತಿದ್ದಳು. ಹೊಳೆಯಜ್ಜಿ ದೂರದಲ್ಲಿ ಗುರುಗುಟ್ಟುತ್ತಿದ್ದಳು.

"ತಡಿ ತಂಗೀ! ಅವನ ಕೆಲಸ ಮುಗೀಲಿ," ಎಂದು ಸಂಕವ್ವ ಕೈ ಅಡ್ಡ ಹಿಡಿದಳು.

ಗಾಳಪ್ಪ ಹೂಂಕರಿಸಿ ಬಂದ.

"ಮುಖಕ್ಕಲ್ಲೋ, ಬೆನ್ನಿಗೆ! ಬೆನ್ನಿಗೆ ಬಡಿ!"

ಅವನು ಅಡಿಯಿಂದ ನುಗ್ಗಿ ಬಡಿದ. ಧೂಳು ಎದ್ದು ಆಕಾಶ ಕೆಂಪಾಯಿತು. ಮೊಲ ಕಣ್ಣು ಮುಚ್ಚಿಕೊಂಡಿತು. ಕೌಜುಗ ಮರಿಗಳನ್ನು ರೆಕ್ಕೆಯಡಿ ಎಳೆದುಕೊಂಡಿತು. ಬಡಿದು ಬಡಿದು ಗಾಳಪ್ಪ ಏದುಸಿರು ಬಿಡುತ್ತ ಕೂತ.

"ಈಗ ಬಾ ತಂಗೀ. ಒಮ್ಮೆಲೇ ಬ್ಯಾಡ, ಹನಿ ಹನಿ ಬಾ."

ದಪ್ಪ ದಪ್ಪ ಹನಿಗಳು ಬಿಡಿಬಿಡಿಯಾಗಿ ಬಿದ್ದವು. ಆಮೇಲೆ ಮಳೆ ಜೋರಾಗಿ ಸುರಿದಳು. ಕೆಸರಾಗಲಿಲ್ಲ. ಮಳೆ ನಿಂತ ಮೇಲೂ ಸಂಕವ್ವ ಮೋಡಗಳನ್ನು ಬಿಡಲಿಲ್ಲ. "ಇನ್ನೊಂದೀಟು ನಿಲ್ರಪ್ಪಾ, ನೆರಳಾಗ ಆರಲಿ," ಎಂದಳು.

ಅಷ್ಟರಲ್ಲಿ ಹೊಳೆಯಜ್ಜಿ ತುಂಬಿ ಬಂದಳು. ಜಮಖಾನದ ಅಂಚು ಹಿಡಿದು ಎತ್ತಿದಳು. ಅಜ್ಜಿ ಮೂಸಿದಳು. ಇನ್ನೊಮ್ಮೆ ಮೂಸಿದಳು. ಅಂಚಿನಲ್ಲಿ ಸೂಜಿಮೊನೆಯಷ್ಟು ಹಸಿರು ಕಂಡಿತು.

"ವಾಸನಿ ಚಲೋ ಐತಿ," ಎಂದಳು. ಅಂಚನ್ನು ಮೆಲ್ಲಗೆ ಕೆಳಗಿಟ್ಟು ತನ್ನ ದಾರಿ ಹಿಡಿದಳು.

ಸಂಕವ್ವ ತಾನೇ ನೇಯ್ದ ಜಮಖಾನದ ಮೇಲೆ ಮೊದಲ ಸಲ ಮೈ ಚಾಚಿದಳು. ಗಾಳಪ್ಪ ದೂರ ನಿಂತಿದ್ದ. "ಬಾರೋ, ಮೈ ಕೊಡವಿ ಬಾ," ಎಂದಳು, ಅರೆನಿದ್ದೆಯಲ್ಲಿ.

ಬಯಲು ತುಂಬ ಹಾಸಿರುವ ಆ ಜಮಖಾನ ಇಂದಿಗೂ ಸಂಕವ್ವನದೇ. ಅದಕ್ಕಾಗಿ ವರ್ಷವರ್ಷವೂ ಅವಳು ಒಂದು ಬೇಸಿಗೆಯ ಹಸಿರನ್ನು ತೆರುತ್ತಾಳೆ. ಅದಕ್ಕೇ ಮಗೂ, ಮುಂಗಾರಿನಲ್ಲಿ ಮೊದಲು ಗಾಳಿ ಬಂದು ಧೂಳೆಬ್ಬಿಸುತ್ತದೆ, ಅಮ್ಮ "ಕಿಟಕಿ ಮುಚ್ಚು" ಎಂದು ಕೂಗುತ್ತಾಳೆ, ಆಮೇಲೆ ದಪ್ಪ ಹನಿ ಬೀಳುತ್ತದೆ, ಮತ್ತೆ ಮಳೆ ನಿಂತ ಮೇಲೂ ಮೋಡ ಸ್ವಲ್ಪ ಹೊತ್ತು ಬಿಸಿಲಿಗೆ ಅಡ್ಡ ನಿಂತೇ ಇರುತ್ತದೆ.