ಬಿಳಿಗಿರಿ ಕಡಲಾಚೆ ಉಣ್ಣಲು ಹೋದದ್ದು

ಹಸಿದವರು ಯಾರಾದರೂ ಇದ್ದರೆ ಮೊದಲು ಒಳಗೆ ಹೋಗಿ ಒಂದು ತುತ್ತು ಉಂಡು ಬನ್ನಿ. ಇದು ಖಾಲಿ ಹೊಟ್ಟೆಯಲ್ಲಿ ಕೇಳುವ ಕತೆಯಲ್ಲ. ಬಂದಿರಾ? ಕೂತಿರಾ? ಸರಿ, ರಂಗನಾಥನನ್ನು ನೆನೆದು ಶುರು ಮಾಡುತ್ತೇನೆ.

ಒಂದು ಊರು. ಊರಿನ ಕೊನೆಗೆ ಒಂದು ಮನೆ. ಆ ಮನೆಯಲ್ಲಿ ಲಕ್ಕಮ್ಮ ಅನ್ನುವ ತಾಯಿ, ಬಿಳಿಗಿರಿ ಅನ್ನುವ ಮಗ. ಮಗನಿಗೆ ಸ್ವಾಮಿ ಎರಡಾಳಿನ ತೋಳು ಕೊಟ್ಟಿದ್ದ, ಒಳ್ಳೆಯ ಮನಸ್ಸು ಕೊಟ್ಟಿದ್ದ, ಒಳ್ಳೆಯ ಹಸಿವು ಕೊಟ್ಟಿದ್ದ. ಬುದ್ಧಿ ಹಂಚುವ ಹೊತ್ತಿಗೆ ಮಾತ್ರ ಸ್ವಾಮಿಗೆ ಬೇರೆ ಏನೋ ಕೆಲಸ ಬಂದಿರಬೇಕು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವನು. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿಯಿಲ್ಲ.

ಹುಟ್ಟಿದಾಗಿನಿಂದ ಅವನು ತಾಯಿ ಬೇಯಿಸಿದ್ದನ್ನು ಬಿಟ್ಟು ಬೇರೆ ಉಂಡವನಲ್ಲ. ಲಕ್ಕಮ್ಮನಿಗೆ ವಯಸ್ಸಾಯಿತು. ಒಂದು ದಿನ ಮುದ್ದೆ ತಿರುವುತ್ತಿರುವಾಗ ಕೈ ಸೋತು ಕೋಲು ಜಾರಿ ಒಲೆಗೆ ಬಿತ್ತು. ಅವಳಿಗೆ ದಿಗಿಲಾಯಿತು. ದೇವರ ಗೂಡಿನ ಮುಂದೆ ಕೂತು ಅತ್ತಳು.

“ನನ್ನ ಕೈ ನಿಂತ ದಿನ ಇವನು ಎಲ್ಲಿ ಉಂಡಾನು ರಂಗಾ? ಒಂದು ಸಲ, ಒಂದೇ ಒಂದು ಸಲ, ಇವನು ಹೊರಗೆ ಹೋಗಿ ಹೊಟ್ಟೆ ತುಂಬ ಉಂಡದ್ದನ್ನ ಕಂಡರೆ ಸಾಕು. ಆಮೇಲೆ ನಿಶ್ಚಿಂತೆಯಾಗಿ ಕಣ್ಣು ಮುಚ್ತೀನಿ.”

ಕಣ್ಣೊರೆಸಿಕೊಂಡು ಮಗನನ್ನು ಕರೆದಳು. “ಬಿಳಿಗಿರೀ, ಇವತ್ತು ನಿನಗೆ ಮನೇಲಿ ಊಟ ಇಲ್ಲ. ಕೆರೆ ಏರಿ ಮೇಲೆ ಹೋಟ್ಲು ಐತಲ್ಲ, ಅಲ್ಲಿ ತಿಂದು ಬಾ. ನೋಡು, ಹೊಟ್ಟೆಬಾಕನ ಹಾಗೆ ಬೇಕು ಬೇಕು ಅನ್ನಬೇಡ. ಕೇಳಿದ್ರೆ ‘ಬೇಡ’ ಅನ್ನು. ಅದು ಮರ್ಯಾದೆ. ಅವರೇ ಬಲವಂತ ಮಾಡ್ತಾರೆ.”

“ಆಗಲವ್ವಾ.”

ಹೋದ. ಕೆರೆಯ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕಟ್ಟಿತ್ತು. ಹೋಟೆಲಿನ ಭಟ್ಟರು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರು. ಆ ಹಬೆಯೂ ಈ ಮಂಜೂ ಸೇರಿ, ಹೋಟೆಲು ಎಲ್ಲಿ ಮುಗಿಯಿತು ಕೆರೆ ಎಲ್ಲಿ ಶುರುವಾಯಿತು ಅಂತ ತಿಳಿಯದ ಹಾಗಿತ್ತು.

“ಬಾಪ್ಪಾ, ಇಡ್ಲಿ ಕೊಡ್ಲಾ?”

“ಬೇಡ.”

“ದೋಸೆ?”

“ಬೇಡ.”

“ಉಪ್ಪಿಟ್ಟು?”

“ಬೇಡ.”

“ನೀರಾದ್ರೂ ಕುಡೀತೀಯೇನಪ್ಪಾ?”

“ಬೇಡ.”

“ಮತ್ತೆ ಬಂದದ್ದು ಯಾಕೆ ಮಾರಾಯ?”

“ತಿನ್ನೋಕೆ!”

ಭಟ್ಟರು ಅವನ ಮುಖ ನೋಡಿದರು, ಚಟ್ನಿ ಸೌಟು ನೋಡಿದರು, ಮತ್ತೆ ಅವನ ಮುಖ ನೋಡಿದರು. ಅವನು ಬಲವಂತಕ್ಕೆ ಕಾದ. ಪಾತ್ರೆ ಬರಿದಾಗುವವರೆಗೂ ಕಾದ. ಆಮೇಲೆ ಎದ್ದು ಮನೆಗೆ ಬಂದ. ಹೊಟ್ಟೆ ಬೆನ್ನಿಗೆ ಅಂಟಿತ್ತು.

“ಉಂಡೆಯಾ ಮಗಾ?”

“ಇಲ್ಲವ್ವಾ. ಮರ್ಯಾದೆ ಮಾಡಿ ಬಂದೆ.”

ಲಕ್ಕಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ ಪೆದ್ದೇ! ಹೋಟ್ಲಲ್ಲಿ ಯಾರಾದ್ರೂ ಬಲವಂತ ಮಾಡ್ತಾರೇನೋ? ಬೇಕು ಅನ್ನೋಕೆ ಬರ್ದೇ ಹೋದ್ರೆ, ಪಕ್ಕದವರು ಏನು ತಿಂತಾರೆ ಅಂತ ನೋಡು. ‘ನನಗೂ ಅದನ್ನೇ ಕೊಡಿ’ ಅನ್ನು. ತಿಳೀತಾ?”

“ತಿಳೀತವ್ವಾ.”

ಮಾರನೆಯ ದಿನ ಸಂತೆ. ಸಂತೆಯೂರಿನ ಊಟದ ಹೋಟೆಲಿಗೆ ಹೋದ. ಪಕ್ಕದಲ್ಲಿ ಕೂತವನು ಎತ್ತಿನ ವ್ಯಾಪಾರಿ. ಗಿರಿಜಾ ಮೀಸೆ, ಮಡಿಕೆಯಂಥ ಮೈ. ಅವನ ಎಲೆಯ ಮೇಲೆ ಅನ್ನ, ಹುಳಿ, ಹುರುಳಿಕಾಳು ಪಲ್ಯ. ಬಡಿಸುವವನು ಬಂದು “ನಿಮಗೇನಣ್ಣಾ?” ಅಂದ.

“ನನಗೂ ಅದನ್ನೇ ಕೊಡಿ.”

ಬಡಿಸುವವನು ಎಲೆ ಹಾಸಿದ. ಅದೇ ಅನ್ನ, ಅದೇ ಹುಳಿ, ಅದೇ ಪಲ್ಯ ಹಾಕಿದ.

“ಇದಲ್ಲ,” ಅಂದ ಬಿಳಿಗಿರಿ. “ಅದು.”

“ಎರಡೂ ಒಂದೇ ಕಣಣ್ಣಾ!”

“ಅದನ್ನೇ ಅಂದವ್ಳೆ ನಮ್ಮವ್ವ.” ಹಾಗಂದವನೇ ವ್ಯಾಪಾರಿಯ ಎಲೆಯ ತುದಿ ಹಿಡಿದು ತನ್ನ ಕಡೆಗೆ ಎಳೆದ.

“ಏಯ್! ಏನ್ಲಾ ಇದು?” ವ್ಯಾಪಾರಿ ಆ ಕಡೆಗೆ ಎಳೆದ. ಇವನು ಈ ಕಡೆಗೆ ಎಳೆದ. ಎಲೆ ನಡುವೆ ಸೀಳಿತು. ಹುಳಿ ಮೀಸೆಗೆ ಹೋಯಿತು. ಆಮೇಲೆ ಏನಾಯಿತು ಅಂತ ನಾನು ಹೇಳುವುದಿಲ್ಲ, ಬೆನ್ನು ತಟ್ಟಿ ನೋಡಿದರೆ ಅವನೇ ಹೇಳುತ್ತಾನೆ.

“ಉಂಡೆಯಾ ಮಗಾ?”

“ಇಲ್ಲವ್ವಾ. ಅವನು ಅದನ್ನ ಬಿಡಲಿಲ್ಲ.”

“ಅಯ್ಯೋ ನನ್ನ ಕರ್ಮವೇ! ಇನ್ನೊಬ್ಬರ ಎಲೆಗೆ ಕೈ ಹಾಕ್ತಾರೇನೋ? ನಿನ್ನ ಎಲೆ ಯಾವುದೋ ಅದರ ಮೇಲೆ ಇಡು ನಿನ್ನ ಎರಡು ಕೈಯನ್ನೂ! ಅಲ್ಲಿಂದ ಅಲ್ಲಾಡಿಸಬೇಡ!”

“ಆಗಲವ್ವಾ. ಎರಡು ಕೈಯನ್ನೂ.”

ಶನಿವಾರ ಬಂತು. ಬೆಟ್ಟದ ಛತ್ರದಲ್ಲಿ ಶನಿವಾರ ಬಂದವರಿಗೆಲ್ಲ ಊಟ. ಲಕ್ಕಮ್ಮನಿಗೆ ಈ ಸಲ ಧೈರ್ಯ. ಸ್ವಾಮಿಯ ಸನ್ನಿಧಿಯಲ್ಲಿ ಯಾರು ತಾನೆ ಹಸಿದು ಬಂದಾರು? ಮಗ ಬೆಟ್ಟ ಹತ್ತಿದ. ಪಂಕ್ತಿಯಲ್ಲಿ ಕೂತ. ಎಲೆ ಬಂತು. ತಟ್ಟನೆ ಎರಡು ಕೈಯನ್ನೂ ಎಲೆಯ ಮೇಲೆ ಹರಡಿ ಇಟ್ಟ.

ನಮ್ಮಲ್ಲಿ ಎಲೆಗೆ ಎರಡು ಕೈ ಅಡ್ಡ ಹಿಡಿದರೆ ‘ಸಾಕು, ಇನ್ನು ಬಡಿಸಬೇಡಿ’ ಅಂತ ತಾನೆ? ಪಲ್ಯದವರು ಬಂದರು, ಕೈ ನೋಡಿದರು, ಮುಂದೆ ಹೋದರು. ಅನ್ನದವರು ಬಂದರು, ಮುಂದೆ ಹೋದರು. ಸಾರಿನವರು “ಎಂಥ ಮಿತಾಹಾರಿ!” ಅಂದು ಮುಂದೆ ಹೋದರು. ಪಾಯಸದವರು “ಉಪವಾಸವೋ ಏನೋ, ಪುಣ್ಯಾತ್ಮ!” ಅಂದು ಕೈ ಮುಗಿದು ಮುಂದೆ ಹೋದರು. ತುಪ್ಪದ ಪರಿಮಳ ಅವನ ಮೂಗಿನ ಮುಂದೆ ಮೋಡದ ಹಾಗೆ ತೇಲಿ ತೇಲಿ ಹೋಯಿತು. ಅವನು ಕೈ ಅಲ್ಲಾಡಿಸಲಿಲ್ಲ.

ಕಡೆಗೆ ತಡೆಯಲಾರದೆ ಎದ್ದುಬಿಟ್ಟ. ಪಂಕ್ತಿಯಲ್ಲಿ ಒಬ್ಬ ಎದ್ದರೆ ಮಿಕ್ಕವರು ಉಣ್ಣುವ ಹಾಗಿಲ್ಲ, ಅದು ಆ ಛತ್ರದ ಹಳೆಯ ಕಟ್ಟು. ಪಾಯಸಕ್ಕೆ ಕೈ ಹಾಕಿದ್ದ ನಲವತ್ತು ಜನ ಹಾಗೆಯೇ ಏಳಬೇಕಾಯಿತು. ಬೆಟ್ಟ ಇಳಿದು ಬಂದವರೆಲ್ಲ ಲಕ್ಕಮ್ಮನ ಬಾಗಿಲಲ್ಲಿ ನಿಂತು ಬೈದು ಹೋದರು.

“ಉಂಡೆಯಾ ಅಂತ ಕೇಳಲ್ಲ ನಾನು,” ಅಂದಳು ಲಕ್ಕಮ್ಮ. “ಕೇಳೋಕೆ ಶಕ್ತಿ ಇಲ್ಲ. ಕೇಳಿಸ್ಕೋ. ಇದೇ ಕಡೇ ಸಲ. ಹೆದ್ದಾರಿ ಹಿಡಿದು ನೆಟ್ಟಗೆ ಹೋಗು. ಎಡಕ್ಕೆ ತಿರುಗಬೇಡ, ಬಲಕ್ಕೆ ತಿರುಗಬೇಡ. ಹೊಗೆ ಏಳೋ ಅಂಗಡಿ ಸಿಗುತ್ತೆ. ಸುಮ್ಮನೆ ಕೂತ್ಕೋ. ಕೊಟ್ಟದ್ದನ್ನ ತಿನ್ನು. ಪಕ್ಕದಲ್ಲಿ ಉಣ್ಣೋರು ಒಬ್ಬರಿದ್ದರೂ ಏಳಬೇಡ! ಎಲ್ಲರೂ ಎದ್ದ ಮೇಲೆ ಏಳು!”

“ಆಗಲವ್ವಾ. ಎಲ್ಲರೂ ಎದ್ದ ಮೇಲೆ.”

ಹೊರಟ. ಅಂಗಡಿ ಇದ್ದದ್ದು ಹೆದ್ದಾರಿಯ ತಿರುವಿನಾಚೆ. ರಸ್ತೆ ತಿರುಗಿತು, ಬಿಳಿಗಿರಿ ತಿರುಗಲಿಲ್ಲ. ನೆಟ್ಟಗೆ ಹೋದ. ಜೋಳದ ಹೊಲ ಹೊಕ್ಕು ಹೊರಬಿದ್ದ. ಹುಲ್ಲಿನ ಬಣವೆ ಹತ್ತಿ ಇಳಿದ. ಒಂದು ಮನೆ ಅಡ್ಡ ಬಂತು, ಮುಂಬಾಗಿಲಿಂದ ಒಳಗೆ ಹೋಗಿ “ಹೊರಟೆ ತಾಯೀ” ಅಂದು ಹಿತ್ತಿಲ ಬಾಗಿಲಿಂದ ಆಚೆ ಬಂದ. ಹೊಳೆ ಬಂತು, ಈಜಿದ. ಬೆಟ್ಟ ಬಂತು, ದಾಟಿದ. ಹೋದ, ಹೋದ, ಹೋದ. ಕಡೆಗೆ ನೆಲವೇ ಮುಗಿದು ಕಡಲು ಬಂತು. ದಡದಲ್ಲಿ ಬಿಳಿ ಹಾಯಿಯ ಒಂದು ದೋಣಿ.

“ಎಲ್ಲಿಗಪ್ಪಾ?” ಅಂದ ದೋಣಿಯವನು.

“ನೆಟ್ಟಗೆ.”

“ನಾನೂ ಅಲ್ಲಿಗೇ. ಹತ್ತು.”

ಹತ್ತಿ ಮಲಗಿದ. ಅಲೆ ತೊಟ್ಟಿಲು ತೂಗಿತು. ಎಷ್ಟು ದಿನ ಮಲಗಿದನೋ, ನಿದ್ದೆಯಲ್ಲಿ ದಿನ ಎಣಿಸುವವರು ಯಾರು? ಕಣ್ಣು ಬಿಟ್ಟಾಗ ಎದುರಿಗೆ ಪರದೇಶ. ನೀರಿನೊಳಗೆ ಕಾಲೂರಿ ನಿಂತ ಮನೆಗಳು, ಕೊಕ್ಕರೆಗಳು ಸಾಲಾಗಿ ತೂಕಡಿಸುವ ಹಾಗೆ. ದಡದಲ್ಲಿ ಒಂದು ಒಲೆ, ಒಲೆಯ ಮೇಲೆ ದೊಡ್ಡ ಹಂಡೆ, ಹಂಡೆಯ ಕೆಳಗಿಂದ ನೆಟ್ಟಗೆ ಮೇಲೆ ಏಳುವ ಹೊಗೆ! ಪಕ್ಕದಲ್ಲಿ ಉದ್ದನೆಯ ಮರದ ಹಲಗೆ. ಹಲಗೆಯ ತುದಿಗೆ ದೋಣಿ ಕಟ್ಟುವ ಕಂಬ.

ಬಿಳಿಗಿರಿ ಹಲಗೆಯ ಮೇಲೆ ಕೂತು ಕಂಬಕ್ಕೆ ಒರಗಿದ. ಒಲೆಯ ಹಿಂದೆ ಇದ್ದವಳು ದುಂಡು ಮುಖದ, ನಡುವಯಸ್ಸಿನ ಹೆಂಗಸು. ಏನೋ ಅಂದಳು. ಬಾ ಅಂದಳೋ, ಯಾರು ನೀನು ಅಂದಳೋ, ರಂಗನಾಥನಿಗೇ ಗೊತ್ತು. ಒಂದು ಬಟ್ಟಲು ತುಂಬಿ ಮುಂದೆ ಇಟ್ಟಳು. ನೋಡಿದರೆ ಶಾವಿಗೆ! ಬಿಸಿ ಸಾರಿನಲ್ಲಿ ಈಜುವ ಶಾವಿಗೆ, ಮೇಲೆ ಹಸಿರು ಸೊಪ್ಪು. ಸುತ್ತಲಿದ್ದವರು ಎರಡು ಕಡ್ಡಿಯಲ್ಲಿ ಎತ್ತಿ ಸುರ್ರನೆ ಎಳೆದು ತಿನ್ನುತ್ತಿದ್ದರು. ಇವನು ಐದು ಬೆರಳಲ್ಲಿ ಎತ್ತಿ ಸುರ್ರನೆ ಎಳೆದ. ಅವಳು ನಕ್ಕಳು. ಇವನೂ ನಕ್ಕ. ಬಟ್ಟಲು ಬರಿದಾಯಿತು. ಮತ್ತೆ ತುಂಬಿದಳು.

ಅಂತೂ ಬಿಳಿಗಿರಿಗೆ ಹೊರಗಿನ ಊಟದಲ್ಲಿ ಹೊಟ್ಟೆ ತುಂಬಿತು!

ಇನ್ನು ಏಳಬೇಕು. ಪಕ್ಕಕ್ಕೆ ನೋಡಿದ. ಒಬ್ಬ ಉಣ್ಣುತ್ತಿದ್ದ. ಕಾದ. ಅವನು ಎದ್ದ, ಅಷ್ಟರಲ್ಲಿ ಇನ್ನಿಬ್ಬರು ಬಂದು ಕೂತರು. ಅವರು ಎದ್ದರು, ಮೂವರು ಕೂತರು. ಅದು ದೋಣಿ ನಿಲ್ಲುವ ಕಡವು. ದೋಣಿ ಬರುವುದು ನಿಲ್ಲಲಿಲ್ಲ, ಹಲಗೆ ಖಾಲಿಯಾಗಲಿಲ್ಲ, ಬಿಳಿಗಿರಿ ಏಳಲಿಲ್ಲ. ಕೂತಲ್ಲೇ ಸೌದೆ ಮುರಿದು ಅವಳ ಒಲೆಗೆ ಕೊಡುವನು. ಕಂಬಕ್ಕೆ ಒರಗಿ ನಿದ್ದೆ ಮಾಡುವನು. ಬಟ್ಟಲು ಬಂದರೆ ಉಣ್ಣುವನು. ಮಳೆಗಾಲ ಬಂದು ಹೋಯಿತು. ಅವಳು ಅವನ ತಲೆಯ ಮೇಲೆ ಒಂದು ಚಾಪೆ ಕಟ್ಟಿದಳು, ಬಿಸಿಲು ಬಂದಾಗ ಬಿಚ್ಚಿದಳು.

ಇತ್ತ ಲಕ್ಕಮ್ಮ ಅತ್ತು ಅತ್ತು ಒಣಗಿದ್ದಳು. ಒಂದು ದಿನ, ಬಿಳಿಗಿರಿಯನ್ನು ಕಡಲು ದಾಟಿಸಿದ್ದ ದೋಣಿಯವನು ಅವಳನ್ನು ಹುಡುಕಿಕೊಂಡು ಬಂದ. “ಅಮ್ಮಾ, ನಿಮ್ಮ ಮಗ ಕಡಲಾಚೆ ಕೂತವನೆ.”

“ಕೂತು ಏನು ಮಾಡ್ತಾವನೆ?”

“ಉಣ್ತಾವನೆ.”

“ಉಣ್ತಾವನಾ? ನಿಜವಾಗ್ಲೂ? ಹೊಟ್ಟೆ ತುಂಬಾನಾ?”

“ನಾನು ಹೊರಟಾಗಲೂ ಉಣ್ತಾನೇ ಇದ್ದ.”

ಲಕ್ಕಮ್ಮನಿಗೆ ಅಳು ಬಂತು, ನಗು ಬಂತು, ಆಮೇಲೆ ಸಿಟ್ಟು ಬಂತು. ಕಣ್ಣಾರೆ ಕಾಣದೆ ಜೀವ ನಿಲ್ಲದು. ದೋಣಿ ಹತ್ತಿ ಹೋದಳು. ಕಡವಿನ ಕಂಬಕ್ಕೆ ದೋಣಿ ಕಟ್ಟಿದರು. ನೋಡಿದರೆ ಆ ಕಂಬಕ್ಕೇ ಒರಗಿ ಮಗ! ಕೆನ್ನೆ ತುಂಬಿ, ಮೈ ತುಂಬಿ, ಗದ್ದದ ಮೇಲೆ ಒಂದೆಳೆ ಶಾವಿಗೆ.

“ಏಳೋ ಮನೆಗೆ!”

“ಹೆಂಗೆ ಏಳ್ಲವ್ವಾ? ಅಗೋ, ಅವರಿನ್ನೂ ಉಣ್ತಾವರೆ.”

“ಯಾವಾಗಿಂದ?”

“ನಾನು ಬಂದಾಗಿಂದ.”

ಲಕ್ಕಮ್ಮ ಹಲಗೆಯನ್ನು ನೋಡಿದಳು, ಬರುವ ದೋಣಿಗಳನ್ನು ನೋಡಿದಳು. ತಾನೇ ಹೇಳಿದ ಮಾತು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಹಲಗೆಯುದ್ದಕ್ಕೂ ನಡೆದು, ಕೂತ ಒಬ್ಬೊಬ್ಬರ ಮುಂದೆಯೂ ಕೈ ಮುಗಿದು, “ಒಂದು ಗಳಿಗೆ ಏಳಿ ಅಣ್ಣಾ, ನನ್ನ ಮಗ ಎದ್ದುಬಿಡ್ಲಿ” ಅಂತ ಸನ್ನೆ ಮಾಡಿದಳು. ಆ ಜನ ಒಳ್ಳೆಯವರು. ಏನೂ ತಿಳಿಯದಿದ್ದರೂ ಬಟ್ಟಲು ಕೈಯಲ್ಲಿ ಹಿಡಿದು ಎದ್ದು ನಿಂತರು. ದೋಣಿಯವನೂ ಅವರ ಜೊತೆ ಒಂದು ಬಟ್ಟಲು ಹಿಡಿದು ನಿಂತಿದ್ದ.

“ಎಲ್ಲರೂ ಎದ್ದರು ನೋಡು! ಈಗ ಏಳು!”

ಬಿಳಿಗಿರಿ ಎದ್ದ. ಎದ್ದವನೇ ಹೊರಟೇಬಿಟ್ಟ.

“ಲೋ, ಹಂಗೇ ಎದ್ದು ಬರ್ತಾರೇನೋ!” ಅಂತ ಲಕ್ಕಮ್ಮ ಗದರಿದಳು. “ಇಷ್ಟು ದಿನ ಉಂಡಿದ್ದೀಯ, ಎಂಜಲು ಆ ತಾಯಿ ಎತ್ತಬೇಕಾ? ಉಂಡ ಜಾಗದಲ್ಲಿ ಏನೂ ಬಿಡಬೇಡ. ಎಲ್ಲ ಎತ್ತು! ಆಮೇಲೆ ದೋಣಿ ಹತ್ತು!”

“ಆಗಲವ್ವಾ. ಎಲ್ಲ.”

ಮಗ ಉಂಡದ್ದನ್ನು ಕಣ್ಣಾರೆ ಕಂಡದ್ದಾಯಿತು. ಇನ್ನು ಸ್ವಾಮಿಗೆ ಕೈ ಮುಗಿಯದೆ ಹೊರಡುವುದುಂಟೇ? ಲಕ್ಕಮ್ಮ ಅತ್ತ ಸರಿದು, ಮೊಣಕಾಲುದ್ದ ನೀರಿಗಿಳಿದು, ಸೂರ್ಯನ ಕಡೆಗೆ ತಿರುಗಿ ಕಣ್ಣು ಮುಚ್ಚಿದಳು. “ರಂಗಾ, ನನ್ನ ಮಾತು ನಡೆಸಿಕೊಟ್ಟೆ ತಂದೇ…”

ಇತ್ತ ಬಿಳಿಗಿರಿ ಬಟ್ಟಲು ಎತ್ತಿದ, ದೋಣಿಗೆ ಇಟ್ಟ. ಚಾಪೆ ಎತ್ತಿದ, ದೋಣಿಗೆ ಇಟ್ಟ. ಹಲಗೆ ಎತ್ತಿದ, ದೋಣಿಗೆ ಇಟ್ಟ. ಕುದಿಯುವ ಹಂಡೆಯ ಸಮೇತ ಒಲೆಯನ್ನೇ ತಬ್ಬಿ ಎತ್ತಿದ! ದುಂಡು ಮುಖದವಳು ಏನೇನೋ ಕೂಗುತ್ತಾ ಸೌಟು ಹಿಡಿದು ಹಿಂದೆಯೇ ಓಡಿದಳು. ಸಾರು ಕುದಿಯುತ್ತಿರುವಾಗ ಬಿಟ್ಟಿರುವುದು ಯಾವ ದೇಶದ ಹೆಂಗಸಿಗೂ ಆಗದು. ದೋಣಿಗೆ ಹಾರಿ, ಹಂಡೆ ತಿರುವಿದಳು. ಬಿಳಿಗಿರಿ ಸುತ್ತ ನೋಡಿದ. ಉಂಡ ಜಾಗದಲ್ಲಿ ಇನ್ನು ಒಂದೇ ಒಂದು ಉಳಿದಿತ್ತು, ಒರಗಿದ್ದ ಕಂಬ. ಅದನ್ನೂ ಕಿತ್ತ, ಹೆಗಲ ಮೇಲೆ ಹೊತ್ತು ದೋಣಿ ಹತ್ತಿದ.

ದೋಣಿ ಕಟ್ಟಿದ್ದೇ ಆ ಕಂಬಕ್ಕೆ. ಕಂಬವೇ ದೋಣಿಯೊಳಗೆ ಬಂದ ಮೇಲೆ ದೋಣಿ ನಿಲ್ಲುವುದು ಯಾತಕ್ಕೆ? ಮೆಲ್ಲಗೆ ತೇಲಿ ಹೊರಟಿತು.

ಲಕ್ಕಮ್ಮ ಕಣ್ಣು ಬಿಟ್ಟಳು. ಕಡವು ಬರಿದು. ಬಟ್ಟಲು ಹಿಡಿದ ಜನ ಬಾಯಿ ತೆರೆದು ನಿಂತಿದ್ದಾರೆ. ದೂರದಲ್ಲಿ ದೋಣಿ, ದೋಣಿಯ ಮೇಲೆ ಒಲೆ, ಒಲೆಯ ಮೇಲೆ ಹೊಗೆ.

“ಲೋ ಬಿಳಿಗಿರೀ! ನನ್ನ ಬಿಟ್ಟು ಹೊರಟೆಯಲ್ಲೋ!”

ನೀರಿನ ಮೇಲಿಂದ ಮಗನ ದನಿ ತೇಲಿ ಬಂತು. “ಉಂಡ ಜಾಗದಲ್ಲಿ ನೀನು ಇರಲಿಲ್ಲವಲ್ಲವ್ವಾ!”

ಅವಳು ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಕಂಡಿತು, ದೋಣಿಯಲ್ಲಿ ದುಂಡು ಮುಖದವಳು ನಗುತ್ತಾ ಒಂದು ಬಟ್ಟಲು ತುಂಬಿ ಅವನ ಕೈಗೆ ಕೊಟ್ಟಳು. ಅವನು ಕೂತ. ಉಂಡ. ಲಕ್ಕಮ್ಮ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದಳು.

ಪಕ್ಕದಲ್ಲಿ ನಿಂತ ಒಬ್ಬ ಮುದುಕ ತನ್ನ ಬಟ್ಟಲಿನ ಅರ್ಧವನ್ನು ಇನ್ನೊಂದು ಬಟ್ಟಲಿಗೆ ಸುರಿದು ಅವಳ ಕಡೆಗೆ ಚಾಚಿದ. ನಾಳೆ ಆ ಕಡೆಗೆ ಇನ್ನೊಂದು ದೋಣಿ ಹೋಗುತ್ತದೆ ಅಂತ ಕೈ ತೋರಿಸಿದ. ಲಕ್ಕಮ್ಮ ಮರಳಿನ ಮೇಲೆ ಕೂತು, ಮಗನ ದೋಣಿಯ ಹೊಗೆಯನ್ನು ನೋಡುತ್ತಾ, ಐದು ಬೆರಳಲ್ಲಿ ಶಾವಿಗೆ ಎತ್ತಿದಳು.

ಅವನು ನೀರಿನ ಮೇಲೆ ಉಂಡ, ಅವಳು ದಡದ ಮೇಲೆ ಉಂಡಳು. ಕೇಳಿದ ನಿಮ್ಮ ಮನೆಯಲ್ಲಿ ಒಲೆ ಆರದಿರಲಿ.