ಬಾಂಬರಿನ ಹೊಟ್ಟೆಯಲ್ಲಿ ಕಾವು ಕೂತ ಕೋಳಿ

ಶತ್ರುಸೈನ್ಯ ಹಿಡಿದುಕೊಂಡಿದ್ದ ಹಳ್ಳಿಯೊಂದರ ಎಲೆಕೋಸಿನ ಹೊಲಕ್ಕೆ, ಅದೇ ಸೈನ್ಯದ ಗುಂಡು ತಿಂದ ಬಾಂಬರ್ ವಿಮಾನ ಬಂದು ಬಿತ್ತು. ಮುಟ್ಟಿದವರಿಗೆ ಗುಂಡಿಕ್ಕಲಾಗುವುದು ಎಂದು ಫಲಕ ನೆಟ್ಟು ಸಿಪಾಯಿಗಳು ಸುತ್ತ ಕಾವಲು ನಿಂತರು. ಅವರ ಕಾಲಸಂದಿಯಲ್ಲಿ ನುಸುಳಿದ ಕೋಳಿಯೊಂದು ವಿಮಾನದ ಹೊಟ್ಟೆ ಹೊಕ್ಕಿತು.

"ಯಾರಮ್ಮ ನೀನು? ಇದು ಬಾಂಬು ಇಡುವ ಜಾಗ," ಎಂದಿತು ವಿಮಾನ.

"ಈಗ ಖಾಲಿ ಇದೆಯಲ್ಲ. ಊರಲ್ಲಿ ಎಲ್ಲಿ ಮೊಟ್ಟೆಯಿಟ್ಟರೂ ಈ ಸಿಪಾಯಿಗಳು ಹುಡುಕಿ ತಿನ್ನುತ್ತಾರೆ. ತಾವೇ ಕಾಯುವ ಜಾಗದಲ್ಲಿ ಮಾತ್ರ ಹುಡುಕುವುದಿಲ್ಲ," ಎಂದು ಕೋಳಿ ಮೊಟ್ಟೆಯಿಟ್ಟು ಕಾವು ಕೂತಿತು.

"ಊರುಗಳನ್ನೇ ನಡುಗಿಸಿದವನು ನಾನು. ನನ್ನ ಗತಿ ನೋಡು," ಎಂದು ವಿಮಾನ ಗೊಣಗಿತು.

ಕೆಲವು ವಾರಗಳ ಮೇಲೆ ಸೇನಾಧಿಕಾರಿ ತಪಾಸಣೆಗೆ ಬಂದ. ಒಳಗೆ ಮರಿಗಳು ಟಿಕ್ ಟಿಕ್ ಎಂದು ಚಿಪ್ಪು ಕುಟ್ಟುತ್ತಿದ್ದವು. ಅಧಿಕಾರಿ ಬಿಳಿಚಿಕೊಂಡು, "ಬಾಂಬು ಉಳಿದಿದೆ, ಮಲಗಿ," ಎಂದ. ಎಲ್ಲರೂ ಕೆಸರಿನಲ್ಲಿ ಬೋರಲು ಬಿದ್ದರು, ಅಧಿಕಾರಿ ಎಲ್ಲರಿಗಿಂತ ಮೊದಲು. ತಲೆಯೆತ್ತುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಮರಿಗಳ ಮೈ ಒಣಗಿದ ಮೇಲೆ ಕೋಳಿ ಅವುಗಳನ್ನು ಕರೆದುಕೊಂಡು, ಅಧಿಕಾರಿಯ ಬೆನ್ನು ಹತ್ತಿಳಿದು ಹೊರಟಿತು.

"ಹಾರಾಡುತ್ತಿದ್ದಾಗಲೂ ನಾನು ಇಷ್ಟು ಸಿಪಾಯಿಗಳನ್ನು ಒಟ್ಟಿಗೆ ಮಲಗಿಸಿರಲಿಲ್ಲ," ಎಂದಿತು ವಿಮಾನ.

"ನೀನು ಮೇಲಿಂದ ಉದುರಿಸಿ ಹೊರಟುಬಿಡುತ್ತಿದ್ದೆ. ಕೂತು ಕಾವು ಕೊಡಬೇಕಪ್ಪ," ಎಂದಿತು ಕೋಳಿ.