ಗುರುಮಲ್ಲನ ಶನಿವಾರದ ಬುದ್ಧಿಮಾತು

ನಮ್ಮೂರಿಗಿಂತ ಆಚೆ, ನಿಮ್ಮೂರಿಗಿಂತ ಈಚೆ ಒಂದು ಊರು. ಆ ಊರಲ್ಲಿ ಮರಿಸಿದ್ದಮ್ಮ, ಅವಳಿಗೊಬ್ಬ ಮಗ ಗುರುಮಲ್ಲ. ವಯಸ್ಸು ಮೂವತ್ತು, ಕೈ ಬಂಗಾರ, ತಲೆ ಖಾಲಿ. ಎಂಥ ಮುರುಕಲು ಸೈಕಲ್ಲನ್ನು ಕೊಟ್ಟರೂ ಓಡೋ ಹಾಗೆ ಮಾಡೋನು. ಆದರೆ ಅವ್ವ "ಬಾಗಿಲು ನೋಡ್ಕೊಳ್ಳೋ" ಅಂದು ಸಂತೆಗೆ ಹೋದರೆ ಸಂಜೆವರೆಗೂ ಬಾಗಿಲನ್ನೇ ನೋಡ್ತಾ ಕೂರೋನು. ಹಿತ್ತಲಿಂದ ಮೇಕೆ ನುಗ್ಗಿ ಹಿಟ್ಟು ತಿಂದು, ಬಾಯಿ ಒರೆಸಿಕೊಂಡು ಹೋಗಿರೋದು.

"ಇವನನ್ನ ಕಟ್ಟಿಕೊಂಡು ನಾನೇನು ಮಾಡಲಪ್ಪಾ!" ಅಂತ ಅವಳು ತಲೆ ಚಚ್ಚಿಕೊಳ್ಳೋಳು.

ಅಂಥವನಿಗೆ ಒಂದು ಬೇಸಿಗೇಲಿ ಕೆಲಸ ಸಿಕ್ಕಿತು. ಊರಿನ ಸಂಘದವರದು ಒಂದು ಸೈಕಲ್ ಶೆಡ್ಡು. ಹತ್ತನೇ ಕ್ಲಾಸು ಮುಗಿಸಿದ ಮಕ್ಕಳು ರಜೆಯಲ್ಲಿ ಅಲ್ಲಿ ಹಳೇ ಸೈಕಲ್ ರಿಪೇರಿ ಕಲಿಯಬೇಕು. ಶಾಲೆಗೆ ದೂರದಿಂದ ನಡೆದು ಬರೋ ಮಕ್ಕಳಿಗೆ ಆ ಸೈಕಲ್ ಹೋಗಬೇಕು. ಕಲಿಯೋಕೆ ಬಂದವರು ಮೂವರು: ಲೋಕೇಶ, ಚೈತ್ರ, ತಸ್ಮಿಯಾ. ಕಲಿಸೋನು ಗುರುಮಲ್ಲ.

ಸಂಘದ ರಾಜಮಣಿ ಮೇಡಂ ಕರೆದು ಹೇಳಿದರು: "ನೋಡು ಗುರುಮಲ್ಲ, ಕಲಿಸಿಬಿಟ್ಟರೆ ಆಗಲಿಲ್ಲ. ಹೇಗೆ ಮಾಡಿದರು, ಎಲ್ಲಿ ತಪ್ಪಿದರು ಅಂತ ಪ್ರತಿ ಶನಿವಾರ ಮಕ್ಕಳಿಗೆ ಹೇಳಬೇಕು. ಒಬ್ಬರು ಬಿಟ್ಟು ಹೋದರೂ ಶೆಡ್ಡು ಮುಚ್ಚಿದ ಹಾಗೆ. ನಿನ್ನ ಕೆಲಸವೂ ಹೋದ ಹಾಗೆ!"

"ಆಗಲಿ ಮೇಡಂ, ಹಾಗೇ ಮಾಡ್ತೀನಿ!"

ಮೊದಲ ಶನಿವಾರ ಬಂತು. ಗುರುಮಲ್ಲ ಶೆಡ್ಡಿನ ಮುಂದಿನ ಕಲ್ಲು ಹತ್ತಿದ. ಟೀ ಅಂಗಡಿಯವರು, ಹೂವಿನವರು, ಬಸ್ಸಿಗೆ ಕಾದವರು, ಎಲ್ಲರಿಗೂ ಕೇಳೋ ಹಾಗೆ ಶುರು ಮಾಡಿದ.

"ಲೋಕೇಶ ಸೋಮವಾರ ಒಂದೇ ಟ್ಯೂಬಿಗೆ ನಾಲ್ಕು ತೇಪೆ ಹಾಕಿದ, ನಾಲ್ಕೂ ಕಿತ್ತವು! ಮಂಗಳವಾರ ಚೈನು ತಿರುಗಾಮುರುಗಾ ಹಾಕಿದ!"

ಊರೆಲ್ಲ ಹೋ ಅಂತ ನಕ್ಕಿತು. ಲೋಕೇಶ ಕೈಲಿದ್ದ ನಟ್ಟು ಬಿಗಿಯೋ ಪಾನ ಎಸೆದ. "ನಾಳೆಯಿಂದ ನಾನು ಬರಲ್ಲ ಹೋಗಣ್ಣಾ!"

ಅವ್ವ ಹೋಗಿ ಅವನಿಗೆ ಎರಡು ಕಜ್ಜಾಯ ಕೊಟ್ಟು, ಗಲ್ಲ ಹಿಡಿದು ವಾಪಸ್ಸು ಕರೆತಂದಳು. ಮನೆಗೆ ಬಂದು ಮಗನಿಗೆ ಬೈದಳು: "ಅಯ್ಯೋ ಪೆದ್ದೇ! ತಪ್ಪನ್ನ ಸಾರಿಕೊಂಡು ಬರ್ತಾರೇನೋ? ಪಕ್ಕಕ್ಕೆ ಕರೆದು, ಕಿವೀಲಿ, ಮೆತ್ತಗೆ ಹೇಳಬೇಕು!"

"ಆಗಲಿ ಕಣವ್ವ, ಹಾಗೇ ಮಾಡ್ತೀನಿ!"

ಮುಂದಿನ ಶನಿವಾರ ಚೈತ್ರ ತಾನು ರಿಪೇರಿ ಮಾಡಿದ ಸೈಕಲ್ ಹತ್ತಿ ಇಳಿಜಾರಿಗೆ ಬಿಟ್ಟಳು. ಗುರುಮಲ್ಲ ನೋಡ್ತಾನೆ, ಬ್ರೇಕಿನ ತಂತಿ ಬಿಚ್ಚಿಕೊಂಡು ಬಾಲದ ಹಾಗೆ ಜೋತಾಡ್ತಿದೆ! ಕೂಗಿದನಾ? ಇಲ್ಲ. ಸೈಕಲ್ಲಿನ ಪಕ್ಕ ಓಡಿದ. ಓಡ್ತಾ ಓಡ್ತಾ ಮೆತ್ತಗೆ, "ಚೈತ್ರಾ, ಸ್ವಲ್ಪ ಪಕ್ಕಕ್ಕೆ ಬಾಮ್ಮಾ, ಕಿವೀಲಿ ಒಂದು ಮಾತು ಹೇಳಬೇಕು" ಅಂದ.

"ಏನಣ್ಣಾ? ಕೇಳಿಸ್ತಿಲ್ಲ!"

"ಕಿವಿ ಕೊಡಮ್ಮಾ!"

ಕಿವಿ ಕೊಡೋ ಹೊತ್ತಿಗೆ ಹುಲ್ಲಿನ ಮೆದೆ ಬಂತು. ಹುಡುಗಿ ಸೈಕಲ್ ಸಮೇತ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಬಂದಳು. ನಂಬೋರು ನಂಬಿ. ಒಂದು ಗೀರೂ ಆಗಲಿಲ್ಲ, ಜಡೆ ತುಂಬ ಹುಲ್ಲು ಅಷ್ಟೆ. "ನನಗೀ ಕೆಲಸ ಬೇಡಪ್ಪಾ!" ಅಂದಳು. ಮತ್ತೆ ಅವ್ವ, ಮತ್ತೆ ಕಜ್ಜಾಯ!

"ಥೂ ಪೆದ್ದೇ! ಅಂಥ ಹೊತ್ತಲ್ಲಿ ಗುಸುಗುಸು ಮಾಡ್ತಾರೇನೋ? ತಪ್ಪು ಕಂಡ ತಕ್ಷಣ, ಇದ್ದಲ್ಲೇ, ಗಂಟಲು ಹರಿಯೋ ಹಾಗೆ ಕೂಗಬೇಕು!"

"ಆಗಲಿ ಕಣವ್ವ, ಹಾಗೇ ಮಾಡ್ತೀನಿ!"

ಆ ವಾರವೇ ಲೋಕೇಶನ ಅಕ್ಕನ ಮದುವೆ. ಮದುಮಗ ತಾಳಿ ಎತ್ತಿದ್ದಾನೆ, ಜನ ಅಕ್ಷತೆ ಹಿಡಿದು ನಿಂತಿದ್ದಾರೆ, ವಾಲಗದವರು ಉಸಿರು ಎಳೆದುಕೊಂಡಿದ್ದಾರೆ. ಗುರುಮಲ್ಲನ ಕಣ್ಣು ಬಾಗಿಲಾಚೆ ಹೋಯಿತು. ಅಲ್ಲಿ ಲೋಕೇಶ ರಿಪೇರಿ ಮಾಡಿದ ಸೈಕಲ್ ನಿಂತಿದೆ, ಪೆಡಲ್ ಓರೆಯಾಗಿ ನೇತಾಡ್ತಿದೆ!

"ತಪ್ಪು! ತಪ್ಪು! ತಪ್ಪು!"

ಮದುಮಗನ ಕೈ ನಿಂತಿತು. ಪುರೋಹಿತರು ಗಾಬರಿಯಾಗಿ ಪಂಚಾಂಗ ತೆಗೆದರು. ಬೀಗರು ಎದ್ದು ನಿಂತರು: "ಏನ್ರೀ ತಪ್ಪು? ಯಾರಿಂದ ತಪ್ಪು?"

"ಲೋಕೇಶನಿಂದ! ಪೆಡಲ್ ಬಿಗಿದಿಲ್ಲ!"

ತಾಳಿಯೇನೋ ಕಟ್ಟಿದರು. ಕಟ್ಟೋಕೆ ಮುಂಚೆ ಬೀಗರನ್ನ ಕೂರಿಸೋಕೆ ಮುಕ್ಕಾಲು ಗಂಟೆ ಹಿಡೀತು. ಈ ಸಲ ಲೋಕೇಶನಿಗೆ ಎರಡಲ್ಲ, ಡಬ್ಬಿ ತುಂಬ ಕಜ್ಜಾಯ ಬೇಕಾಯಿತು.

"ನನ್ನ ಹೊಟ್ಟೇಲಿ ಯಾಕೋ ಹುಟ್ಟಿದೆ!" ಅಂತ ಮರಿಸಿದ್ದಮ್ಮ ಕಣ್ಣೀರು ಒರೆಸಿಕೊಂಡಳು. "ತಪ್ಪು ಹೇಳೋಕೆ ಮುಂಚೆ ಮನುಷ್ಯನಲ್ಲಿರೋ ಒಳ್ಳೇದನ್ನ ಹೇಳೋ! ಚೆನ್ನಾಗಿ ಹೊಗಳಿ, ಆಮೇಲೆ ತಪ್ಪಿಗೆ ಬಾ!"

"ಆಗಲಿ ಕಣವ್ವ, ಹಾಗೇ ಮಾಡ್ತೀನಿ!"

ಮುಂದಿನ ವಾರ ಮಕ್ಕಳು ಊಟಕ್ಕೆ ಹೋಗಿದ್ದಾಗ, ಮಟಮಟ ಮಧ್ಯಾಹ್ನ, ಒಬ್ಬ ಕಳ್ಳ ಬಂದ. ತಸ್ಮಿಯಾ ಎಂಟು ದಿನ ಕೂತು ಹೊಸದು ಮಾಡಿದ್ದ ನೀಲಿ ಸೈಕಲ್ಲಿನ ಬೀಗ ಮುರಿದ. ಗುರುಮಲ್ಲ ಎದುರಿಗೇ ಇದ್ದ!

"ಅಣ್ಣಾ, ಎಷ್ಟು ನಾಜೂಕಾಗಿ ಮುರಿದೆ! ಬಣ್ಣಕ್ಕೆ ಒಂದು ಗೀರು ಬೀಳಲಿಲ್ಲ!"

ಕಳ್ಳ ಬೆಚ್ಚಿದ. ಆಮೇಲೆ ನಾಚಿಕೊಂಡ. "ಏನೋ, ನಿಮ್ಮಂಥವರ ಆಶೀರ್ವಾದ" ಅಂದ.

"ಹತ್ತಿದ ರೀತಿ ನೋಡು, ಕುದುರೆ ಹತ್ತಿದ ಹಾಗೆ! ಆಹಾ, ಏನು ತುಳಿತ! ಆಹಾ, ಏನು ತಿರುವು!"

ಅವನು ಹೊಗಳಿ ಹೊಗಳಿ "ಆದರೆ ಒಂದು ತಪ್ಪು..." ಅನ್ನೋ ಹೊತ್ತಿಗೆ ಕಳ್ಳ ಎರಡು ಊರು ದಾಟಿದ್ದ.

ತಸ್ಮಿಯಾ ಬಂದು ನೋಡಿದಳು. ಅಳಲಿಲ್ಲ, ಬೈಯಲಿಲ್ಲ. ಕೈ ತೊಳೆದುಕೊಂಡು ಸುಮ್ಮನೆ ಮನೆಗೆ ಹೋದಳು. ಕಜ್ಜಾಯ ಹಿಡಿದು ಹೋದ ಅವ್ವನಿಗೆ "ನನಗೆ ತಿಂಡಿ ಬೇಡ ಅಜ್ಜಿ" ಅಂದಳು. ಆಗ ಮರಿಸಿದ್ದಮ್ಮನಿಗೆ ನಿಜವಾಗಿ ಭಯ ಹತ್ತಿತು. ನಾಳೆ ಕೊನೇ ಶನಿವಾರ, ಶೆಡ್ಡು ನೋಡೋಕೆ ಮೇಡಂ ಬರ್ತಾರೆ, ಒಂದು ತಲೆ ಕಮ್ಮಿ ಕಂಡರೆ ಮುಗೀತು!

ಅಂಗಲಾಚಿ, "ನಾಳೆ ಒಂದೇ ಒಂದು ದಿನ ಬಾರೇ ತಾಯಿ" ಅಂತ ಒಪ್ಪಿಸಿ ಬಂದು, ಮಗನನ್ನ ಎದುರಿಗೆ ಕೂರಿಸಿಕೊಂಡಳು.

"ಇಷ್ಟು ದಿನ ನೀನೇ ಒದರಿದ್ದು ಸಾಕು. ಆ ಮಗೀನ ಒಂದು ಮಾತು ಕೇಳಿದೆಯೇನೋ? 'ನಿನ್ನ ಕೆಲಸ ನಿನಗೆ ಹೇಗನ್ನಿಸ್ತು' ಅಂತ ಕೇಳು. ಅವಳು ಮುಗಿಸೋವರೆಗೂ ಬಾಯಿ ತೆಗೀಬೇಡ!"

"ಆಗಲಿ ಕಣವ್ವ, ಹಾಗೇ ಮಾಡ್ತೀನಿ!"

ಕೊನೇ ಶನಿವಾರ. ಗುರುಮಲ್ಲ ತಸ್ಮಿಯಾ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. "ನಿನ್ನ ಕೆಲಸ ನಿನಗೆ ಹೇಗನ್ನಿಸ್ತು?" ಅಂದ. ಬಾಯಿ ಮುಚ್ಚಿದ.

ಹುಡುಗಿ ಸುಮ್ಮನಿದ್ದಳು. ಅವನೂ ಸುಮ್ಮನಿದ್ದ. ಐದು ನಿಮಿಷ. ಹತ್ತು ನಿಮಿಷ.

"ಆ ಬೀಗ..." ಅಂದಳು ತಸ್ಮಿಯಾ. "ಅದು ತುಕ್ಕು ಹಿಡಿದಿತ್ತಣ್ಣಾ. ನಾನು ಬದಲಾಯಿಸಬೇಕಿತ್ತು. ಆದರೆ ಮುಂದಿನ ಚಕ್ರ ಮಾತ್ರ..."

ಅಷ್ಟೇ! ಕಟ್ಟೆ ಒಡೀತು. ಕಡ್ಡಿ ಕಡ್ಡಿಗೂ ಒಂದು ಕತೆ, ನಟ್ಟಿಗೊಂದು, ಬೋಲ್ಟಿಗೊಂದು! ಚೈತ್ರ, ಲೋಕೇಶ ಪಕ್ಕಕ್ಕೆ ಬಂದು ಕೂತರು. "ನಾನು ಬ್ರೇಕು ನೋಡದೆ ಹತ್ತಿದ್ದು ತಪ್ಪು ಕಣೇ" ಅಂದಳು ಚೈತ್ರ. "ನನ್ನ ತೇಪೆ ಯಾಕೆ ಕೀಳುತ್ತೆ ಹೇಳೇ" ಅಂದ ಲೋಕೇಶ. ಅವಳು ತೋರಿಸಿಕೊಟ್ಟಳು.

ರಾಜಮಣಿ ಮೇಡಂ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. "ಗುರುಮಲ್ಲ! ಮಕ್ಕಳು ಅವರವರ ತಪ್ಪನ್ನ ಅವರೇ ಹೇಳಿಕೊಳ್ತಿದ್ದಾರಲ್ಲಯ್ಯ! ಮುಂದಿನ ವರ್ಷವೂ ನೀನೇ ಇರು. ನನ್ನ ಬಸ್ಸು ಹೊರಡುತ್ತೆ, ಬೇಗ ಹೂಂ ಅನ್ನು!"

ಗುರುಮಲ್ಲ ತುಟಿ ಬಿಚ್ಚಲಿಲ್ಲ.

"ಬೇಡವೇನಯ್ಯಾ?"

ತುಟಿ ಬಿಚ್ಚಲಿಲ್ಲ. ಬಸ್ಸು ಹಾರನ್ ಹೊಡೀತು.

"ಹೂಂ!" ಅಂತ ಮೂರು ಮಕ್ಕಳೂ ಒಟ್ಟಿಗೆ ಕಿರುಚಿದರು. ಮೇಡಂ ನಗ್ತಾ ಬಸ್ಸಿಗೆ ಓಡಿದರು. ತಸ್ಮಿಯಾ ಮಾತು ಮುಂದುವರಿಸಿದಳು.

ಸಂಜೆಯಾದರೂ ಮಗ ಬರದಿದ್ದಾಗ ಮರಿಸಿದ್ದಮ್ಮ ಹುಡುಕಿಕೊಂಡು ಹೊರಟಳು. ತಸ್ಮಿಯಾ ಮನೆ ಜಗಲಿಯ ಮೇಲೆ ಸಿಕ್ಕಿದ. ಮುಂದೆ ತಟ್ಟೆ, ತಟ್ಟೆ ತುಂಬ ಬಿಸಿ ಬಿರಿಯಾನಿ. ಕಣ್ಣಲ್ಲಿ ಹಸಿವು, ಬಾಯಿ ಭದ್ರ! ಎದುರಿಗೆ ತಸ್ಮಿಯಾ, ಕೈ ತಿರುಗಿಸಿ ತಿರುಗಿಸಿ ಹೇಳ್ತಾ ಇದ್ದಾಳೆ.

"ಅಯ್ಯೋ, ಬಾಯಿ ತೆಗೆದು ಉಣ್ಣೋ!"

ಅವನು ತಲೆ ಅಲ್ಲಾಡಿಸಿದ, ಹುಡುಗಿ ಕಡೆ ಬೆರಳು ತೋರಿಸಿದ.

"ತಾಯೀ, ನೀನಾದರೂ ಮುಗಿಸೇ!" ಅಂತ ಮರಿಸಿದ್ದಮ್ಮ ಕೈ ಮುಗಿದಳು.

"ಮುಗೀತಜ್ಜಿ, ಮುಗೀತು. ಮುಂದಿನ ಚಕ್ರದ್ದು ಪೂರ್ತಿ ಮುಗೀತು" ಅಂದಳು ತಸ್ಮಿಯಾ. "ಕೂತ್ಕೊಳ್ಳಿ, ಈಗ ಹಿಂದಿನ ಚಕ್ರದ್ದು ಹೇಳ್ತೀನಿ."